ನೇರಳೆ ಅಂಚಿನ ಚಂದ್ರ

ನಮ್ಮ ಸೋದರಮಾವ ನಲ್ಲಪ್ಪ ಶಿಡ್ಲಘಟ್ಟದ ಒಂದು ಮಂಡಿಯಲ್ಲಿ ರೇಷ್ಮೆ ನೂಲಿನ ಲಡಿಗಳನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದ. ಲಡಿಯಲ್ಲಿ ಒಂದೇ ಒಂದು ಎಳೆ ಬೇರೆ ಛಾಯೆ ಕಂಡರೂ ಇಡೀ ಲಡಿಯನ್ನು ಆಚೆ ತಳ್ಳುವವನು. ಮನೆಯಲ್ಲೂ ಅದೇ ಬುದ್ಧಿ. ಪಂಚೆಗೆ ನೀಲಿ ಹೆಚ್ಚಾಯಿತು ಅಂತ ಅತ್ತೆಯ ಜೊತೆ ಮಾತು ಬಿಟ್ಟು ಕೂತದ್ದುಂಟು. ಇಂಥವನು ದೂರದರ್ಶಕ ಕೊಳ್ಳಲು ಹೊರಟ, ಅದೂ ನಮ್ಮಮ್ಮನಿಗಾಗಿ.

ನಮ್ಮಮ್ಮ ಚಿಕ್ಕವೆಂಕಟಮ್ಮ ಅವನ ಅಕ್ಕ. ತಾಯಿ ತೀರಿಕೊಂಡಾಗ ಶಾಲೆ ಬಿಟ್ಟು, ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ದಿಬ್ಬೂರಹಳ್ಳಿಗೆ ಸೊಸೆಯಾಗಿ ಬಂದ ಮೇಲೆ ಸೊಪ್ಪು, ರೇಷ್ಮೆ ಹುಳು, ಗೂಡು, ನಾವು. ತನಗೆ ಇಂಥದ್ದು ಬೇಕು ಅಂತ ಬಾಯಿಬಿಟ್ಟು ಕೇಳಿದ ಹೆಂಗಸಲ್ಲ. ಒಂದು ಯುಗಾದಿಗೆ ಮಾವನ ಮನೆಗೆ ಹೋಗಿದ್ದೆವು. ಅವನ ಸ್ನೇಹಿತರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ದಸ್ತಗಿರ್ ಮೇಷ್ಟ್ರು, ಒಬ್ಬಟ್ಟು ಮುರಿಯುತ್ತಾ ಚಂದ್ರನ ಮೇಲೆ ಬೆಟ್ಟಗಳಿವೆ, ದೂರದರ್ಶಕದಲ್ಲಿ ಅವುಗಳ ನೆರಳು ಕೂಡ ಕಾಣುತ್ತದೆ ಅಂದರು. ತುಪ್ಪ ಬಡಿಸುತ್ತಿದ್ದ ಅಮ್ಮನ ಕೈ ನಿಂತಿತು.

"ಅದನ್ನ ನಾನು ನೋಡ್ಬೇಕಲ್ಲಪ್ಪ" ಅಂದಳು.

"ತೋರಿಸ್ತೀನಿ ಬಿಡಕ್ಕ" ಅಂದ ಮಾವ.

ರಷ್ಯಾದವರು ಸ್ಪುಟ್ನಿಕ್ ಹಾರಿಸಿದ ವರ್ಷ ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಬೆಂಗಳೂರಿನ ದಂಡಿನ ಕಡೆಯ ಹಳೇ ಸಾಮಾನಿನ ಅಂಗಡಿಗೆ ಹೋದ. ಅಲ್ಲಿ ಎರಡು ದೂರದರ್ಶಕ. ಒಂದು ಗಿಡ್ಡ, ಅಗಲ ಮಸೂರದ್ದು. ಇನ್ನೊಂದು ಆಳುದ್ದದ ಸಣಕಲು. ಒಂದೇ ಗಾಜಾದರೆ ಬೆಳಕು ಒಡೆದು ಬಣ್ಣಬಣ್ಣವಾಗುತ್ತದೆ, ಅದಕ್ಕೇ ಇವುಗಳಲ್ಲಿ ಎರಡು ಗಾಜು ಜೋಡಿಸಿದ್ದಾರೆ ಅಂತ ಮೇಷ್ಟ್ರು ವಿವರಿಸಿದರು. ಅಷ್ಟಾದರೂ ನೇರಳೆ ಬಣ್ಣ ಪೂರ್ತಿ ಹತೋಟಿಗೆ ಬರುವುದಿಲ್ಲವಂತೆ.

"ಉದ್ದಂದು ತಗೊಳ್ಳಿ ನಲ್ಲಪ್ಪನೋರೆ. ಗಿಡ್ಡದ್ರಲ್ಲಿ ಸುಳ್ಳು ಬಣ್ಣ ಜಾಸ್ತಿ."

"ಬಣ್ಣ ನೋಡೋದು ನಂಗೆ ಹೇಳ್ಕೊಡ್ತೀರಾ ಮೇಷ್ಟ್ರೇ?" ಅಂದ ಮಾವ.

ನೂಲಿನವರು ಬಿಸಿಲಲ್ಲಿ ಬಣ್ಣ ನೋಡುವುದಿಲ್ಲ. ಬಿಸಿಲಿಗೆ ಎಲ್ಲ ಲಡಿಯೂ ಹೊಳೆದು ಮೋಸ ಮಾಡುತ್ತದೆ, ನೆರಳಿನ ತಣ್ಣಗಿನ ಬೆಳಕಲ್ಲೇ ನೋಡಬೇಕು. ಮಾವ ಅದೇ ರೂಢಿಯಲ್ಲಿ ಎದುರು ಮನೆಯ ಜಗಲಿಯಲ್ಲಿ, ನೆರಳಲ್ಲಿ ಒಣಗುತ್ತಿದ್ದ ಬಿಳೀ ಪಂಚೆಯತ್ತ ಗಿಡ್ಡದನ್ನು ತಿರುಗಿಸಿದ. ಒಂದು ಚೂರೂ ಬಣ್ಣ ಕಾಣಲಿಲ್ಲ. ಮಸೂರ ದೊಡ್ಡದು, ಬೆಳಕು ಹೆಚ್ಚು, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬರಬಹುದು. ಅದನ್ನೇ ತಂದ.

ಹೇಳಿ ಕಳಿಸಿದ ಅಂತ ಅಮ್ಮನೂ ನಾನೂ ಬಸ್ಸು ಹತ್ತಿ ಬಂದೆವು. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಕತ್ತಲಾದ ಮೇಲೆ ಮಾವ ಮಹಡಿ ಹತ್ತಿ ಮೊದಲು ತಾನು ನೋಡಿದ. ಕಪ್ಪು ಆಕಾಶದಲ್ಲಿ ಉರಿಯುವ ಚಂದ್ರ, ನೆರಳಲ್ಲಿ ಒಣಗುವ ಪಂಚೆಯಲ್ಲ. ಅಂಚಿನ ಸುತ್ತ ನೇರಳೆ, ಬೆಟ್ಟದ ನೆರಳುಗಳ ಒಳಗೂ ನೇರಳೆ ಮಬ್ಬು. ಕೆಳಗಿಳಿದು ಬಂದವನ ಮುಖ ನೋಡುವ ಹಾಗಿರಲಿಲ್ಲ.

"ಇವತ್ತು ಬೇಡಕ್ಕ. ಮಾಲು ಸರಿಯಿಲ್ಲ. ಸರಿ ಮಾಡಿ ಕರೀತೀನಿ."

ಅಮ್ಮ ಸರಿಯಪ್ಪ ಅಂದಳು. ಬೆಳಿಗ್ಗೆ ಊರಿಗೆ ಹೊರಟೆವು.

ಅಲ್ಲಿಂದ ಶುರುವಾಯಿತು ಮಾವನ ತಪಸ್ಸು. ರಟ್ಟಿನಲ್ಲಿ ದುಂಡಗೆ ತೂತು ಕೊರೆದು ಮಸೂರದ ಬಾಯಿಗೆ ಮುಚ್ಚಿದ. ತೂತು ಸಣ್ಣದಾದಷ್ಟೂ ನೇರಳೆ ಕಮ್ಮಿಯಾಯಿತು, ಜೊತೆಗೆ ಚಂದ್ರನೂ ಮಂಕಾದ. ಫೋಟೋ ಸ್ಟುಡಿಯೋದಿಂದ ಹಳದಿ ಗಾಜು ತಂದು ಕಣ್ಣಿಡುವ ತುದಿಗೆ ಸಿಕ್ಕಿಸಿದ. ನೇರಳೆ ಹೋಯಿತು, ಚಂದ್ರ ಹಳದಿಯಾದ. "ಇದು ಚಂದ್ರನೋ, ರೇಷ್ಮೆ ಗೂಡೋ?" ಅಂತ ಬೈದು ಕಿತ್ತು ಹಾಕಿದ. ಎರಡು ವರ್ಷ ಕಳೆದು ರಷ್ಯಾದವರ ರಾಕೆಟ್ಟು ಹೋಗಿ ಚಂದ್ರನಿಗೇ ಬಡಿಯಿತು. ನಮ್ಮ ಮಾವ ಇನ್ನೂ ರಟ್ಟು ಕತ್ತರಿಸುತ್ತಿದ್ದ. "ಎರಡು ಗಾಜಿಂದು ಇಷ್ಟೇ ಮಾಡೋದು, ತೋರಿಸ್ಬಿಡಿ" ಅಂತ ಮೇಷ್ಟ್ರು ಹೇಳಿ ಹೇಳಿ ಸೋತರು. ಅಕ್ಕನ ಮುಂದೆ ಕಲಬೆರಕೆ ಇಡುವುದಿಲ್ಲ ಅಂತ ಇವನ ಹಟ.

ನನಗೆ ಅವನ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಯಾಕೆಂದರೆ ಊರಿನಲ್ಲಿ ಅಮ್ಮ ಕಾಯುತ್ತಿದ್ದುದನ್ನು ಕಂಡವಳು ನಾನು. ಹುಳುಗಳಿಗೆ ಸಂಜೆಯ ಸೊಪ್ಪು ಹಾಕಿ ಬಂದು ಹೊಸಿಲ ಮೇಲೆ ಕೂತು ಚಂದ್ರನನ್ನು ನೋಡುತ್ತಿದ್ದಳು. ಆ ಕಪ್ಪಗಿರುವುದು ಬೆಟ್ಟವೇನೇ, ನಂದಿ ಬೆಟ್ಟದಷ್ಟು ಇರಬಹುದಾ, ಅಲ್ಲಿ ನಿಂತರೆ ನಮ್ಮೂರು ಕಾಣುತ್ತದಾ ಅಂತ ನನ್ನನ್ನು ಕೇಳುವಳು. ಬಸ್ಸಿಂದ ಯಾರಾದರೂ ಇಳಿದು ನಮ್ಮ ಬೀದಿಗೆ ತಿರುಗಿದರೆ, ತಮ್ಮ ಹೇಳಿ ಕಳಿಸಿದನೇನೋ ಅಂತ ಎದ್ದು ನಿಲ್ಲುವಳು. ಆ ಆಸೆ ನೋಡಲಾರದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಕಡೆಗೂ ಮಾವ ಗೆದ್ದ. ತೂತು ಹದವಾಗಿ ದೊಡ್ಡದು, ಗಾಜು ತೀರಾ ತಿಳಿ ಹಳದಿ, ನೋಡುವುದು ಕತ್ತಲಾಗುವ ಮುಂಚೆ, ಆಕಾಶದಲ್ಲಿ ಬೆಳಕಿರುವಾಗಲೇ. ಆಗ ಅಂಚು ಕಣ್ಣಿಗೆ ಹೊಡೆಯುವುದಿಲ್ಲ, ನೇರಳೆ ಅಡಗುತ್ತದೆ. ಒಂದು ಅಷ್ಟಮಿಯ ಸಂಜೆಗೆ ನಮ್ಮನ್ನೂ ಮೇಷ್ಟ್ರನ್ನೂ ಕರೆದ. ನಾನು ಮೊದಲು ನೋಡಿದೆ. ಅರ್ಧ ಚಂದ್ರನ ಮೇಲೆ ಬೆಟ್ಟಗಳು, ಬೆಟ್ಟದ ಪಕ್ಕ ಕಪ್ಪು ನೆರಳು. ಮೈ ಜುಮ್ಮೆಂದಿತು.

ಅಮ್ಮ ಬಗ್ಗಿದಳು. ತುಂಬಾ ಹೊತ್ತು ನೋಡಿದಳು.

"ಬೆಳ್ಳಗಿದೆ ಕಣೋ."

"ನೋಡಿದ್ಯಾ ಅಕ್ಕ, ಬಣ್ಣ ಇದೆಯಾ?" ಅಂದ ಮಾವ.

"ಇಲ್ಲಪ್ಪ. ಬೆಟ್ಟ ಎಲ್ಲೋ?"

ಮಾವ ಗಾಬರಿಯಾಗಿ ತಿರುಪು ತಿರುಗಿಸಿದ. ಗಾಜು ತೆಗೆದ, ರಟ್ಟು ತೆಗೆದ. ಅವನ ಕಣ್ಣಿಗೆ ನೇರಳೆ ಮತ್ತೆ ಬಂತು. ಅಮ್ಮನಿಗೆ ಮಾತ್ರ ಏನೂ ಬದಲಾಗಲಿಲ್ಲ. ಹಾಲು ಚೆಲ್ಲಿದ ಹಾಗೆ ಬೆಳಕು, ಅಷ್ಟೇ. ಕೊನೆಗೆ ಬಾಯಿಬಿಟ್ಟಳು. ಈಚೆಗೆ ಎಲ್ಲವೂ ಹೀಗೇ ಮಬ್ಬಂತೆ, ವಯಸ್ಸಾಯಿತಲ್ಲ ಅಂತ ಯಾರಿಗೂ ಹೇಳಿರಲಿಲ್ಲವಂತೆ.

ಮೇಷ್ಟ್ರು ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಎರಡೂ ಕಣ್ಣಿಗೆ ಪೊರೆ ಬಂದಿದೆ ನಲ್ಲಪ್ಪನೋರೆ. ಪೊರೆ ಬಂದ ಕಣ್ಣೂ ಹಳದಿ ಗಾಜಿನ ಹಾಗೇ. ನೇರಳೆ ಒಳಗೇ ಬರಲ್ಲ."

ಮಾವ ರಟ್ಟು ಹಿಡಿದುಕೊಂಡು ಹಾಗೇ ನಿಂತ. "ನಿಂಗೆ ಶುದ್ಧವಾಗಿ ಕಾಣಲಿ ಅಂತ ಅಕ್ಕ..." ಅಂದ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಸಲ ಬಗ್ಗಿ ನೋಡಿದಳು.

"ನೇರಳೆ ಇದ್ದಿದ್ರೆ ಏನಾಗ್ತಿತ್ತೋ ನಲ್ಲ?" ಅಂದಳು. "ಅದ್ರ ಜೊತೇಲೇ ನೋಡ್ತಿದ್ದೆ."