ಚಮಚ ಇಡಿ, ವಿಡಿಯೊ ಕಳಿಸಿ

ಬೆಳಗಿನ ಆರು ಗಂಟೆ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಗೂಡಿನಂಥ ಒಂದು ರಿಪೇರಿ ಅಂಗಡಿ. ಶಟರ್ ಎತ್ತುತ್ತ ಅಕ್ಕ ಒಮ್ಮೆ ಸೊಂಟ ಹಿಡಿದುಕೊಳ್ಳುತ್ತಾರೆ, ಒಮ್ಮೆ ಶಟರ್‌ಗೆ ಬೈಯುತ್ತಾರೆ. ಒಳಗೆ ಇಬ್ಬರು ಕೂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದ ನಾಲ್ಕು ಮೊಬೈಲು. ಹೊರಗೆ ಆಗಲೇ ಒಬ್ಬರು ಕಾದಿದ್ದಾರೆ. ಪಕ್ಕದ ಬೀದಿಯ ಸ್ಟುಡಿಯೊದವರು.

"ದುಡ್ಡು ಎಷ್ಟೊತ್ತಿಗೆ ಹಾಕ್ಬೇಕಂತೆ?"

"ಏಳೂವರೆ ಒಳಗೆ ಅಕ್ಕಾ. ಅರ್ಧ ಮುಂಗಡ. ಇನ್ನೂ ಮೂರು ಜನ ಕೇಳ್ತಿದಾರಂತೆ."

"ಯಾವಾಗ್ಲೂ ಮೂರೇ ಜನ! ನಾಲ್ಕನೆಯವನು ಇವತ್ತಿನವರೆಗೂ ಹುಟ್ಟಿಲ್ಲ ನೋಡಿ," ಎನ್ನುತ್ತ ಅಕ್ಕ ಅವರ ಮೊಬೈಲು ಇಸಿದುಕೊಳ್ಳುತ್ತಾರೆ.

ಐವತ್ತೆರಡರ ಈ ಹೆಂಗಸನ್ನು ಬೀದಿಯವರು ಕರೆಯುವುದು ಚಮಚದಕ್ಕ ಎಂದು. ಹೊಟ್ಟೆಪಾಡಿಗೆ ರಿಪೇರಿ. ಅದರ ನಡುವೆ ಪುಕ್ಕಟೆಯಾಗಿ ಇನ್ನೊಂದು ಕೆಲಸ: ಮೆಸೇಜಿನಲ್ಲೇ ವ್ಯಾಪಾರ ಕುದುರಿಸಿ ಲ್ಯಾಪ್‌ಟಾಪು, ಕ್ಯಾಮೆರಾ, ದುಬಾರಿ ಫೋನು ಕೊಳ್ಳಹೊರಟವರಿಗೆ ಮಾರುವವನು ಅಸಲಿಯೋ ನಕಲಿಯೋ ಹೇಳುವುದು. ದಿನಕ್ಕೆ ಎಂಟು ಹತ್ತು ಜನ ಬರುತ್ತಾರೆ. ಮೋಸಗಾರರು ಗಡುವು ಕೊಡುವುದು ಸಾಮಾನ್ಯವಾಗಿ ಬೆಳಿಗ್ಗೆಯೇ. ಯಾರನ್ನೂ ಕೇಳಲು ಪುರುಸೊತ್ತು ಸಿಗಬಾರದಲ್ಲ! ಹಾಗಾಗಿ ಒಂಬತ್ತಕ್ಕೆ ತೆರೆಯುತ್ತಿದ್ದ ಅಂಗಡಿ ಈಗ ಆರಕ್ಕೇ ತೆರೆಯುತ್ತದೆ. "ಒಂದು ಬೋರ್ಡ್ ಹಾಕಿ ಫೀಸ್ ಇಡಮ್ಮಾ ಅಂತಾಳೆ ಮಗಳು. ಬೇಡ ಅನ್ನೋದಕ್ಕೆಲ್ಲ ಫೀಸ್ ಇಡೋಕಾಗುತ್ತಾ?" ಎಂದು ನಗುತ್ತಾರೆ.

ಕೆಲಸ ಕಲಿತದ್ದು ಸೋದರಮಾವನ ರೇಡಿಯೊ ಅಂಗಡಿಯಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಮಾವ ತೀರಿಕೊಂಡ ಮೇಲೆ "ಹೆಂಗಸಿನ ಕೈಗೆ ಟಿವಿ ಕೊಡೋದಾ?" ಎಂದು ಗಿರಾಕಿಗಳು ಬಾಗಿಲಿನಿಂದಲೇ ಹಿಂದಿರುಗಿದ್ದರಂತೆ. ಅಂಥವರಲ್ಲೇ ಕೆಲವರು ಇಂದು ಸಾಲಲ್ಲಿ ನಿಲ್ಲುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದ ನನಗಂತೂ ಕೇಳಿ ಖುಷಿಯಾಯಿತು. ಅಕ್ಕನ ಬೆರಳ ತುದಿಗಳಲ್ಲಿ ಬೆಸುಗೆಯ ಸುಟ್ಟ ಕಲೆಗಳು ಎಣಿಸಲಾರದಷ್ಟಿವೆ.

ಸ್ಟುಡಿಯೊದವರ ಕಥೆ ಇದು. ಹೋದ ವಾರ ಕ್ಯಾಮೆರಾ ಸ್ಟ್ಯಾಂಡಿನಿಂದ ಬಿದ್ದು ಕೆಟ್ಟಿದೆ. ಬರುವ ಸೋಮವಾರ ಒಂದು ಶಾಲೆಯ ನಾನೂರು ಮಕ್ಕಳ ಫೋಟೊ ತೆಗೆಯಬೇಕು. ಆ ಆರ್ಡರ್ ತಪ್ಪಿದರೆ ಸ್ಟುಡಿಯೊಗೆ ಬೀಗವೇ ಗತಿ. ಆಗ ಸಿಕ್ಕಿದ್ದಾನೆ ಈ ಮಾರಾಟಗಾರ. ಹೆಚ್ಚುಕಡಿಮೆ ಹೊಸ ಕ್ಯಾಮೆರಾ, ಅರ್ಧ ಬೆಲೆ. ಹೆಂಡತಿ, ತಮ್ಮ ಸೇರಿ ದುಡ್ಡು ಹೊಂದಿಸಿದ್ದಾರೆ. ಅದು ಹೋದರೆ ಮತ್ತೆ ಹುಟ್ಟುವ ದುಡ್ಡಲ್ಲ.

ಅಕ್ಕ ಫೋಟೊಗಳನ್ನು ಹಿಗ್ಗಿಸಿ ನೋಡುತ್ತಾರೆ. ಕ್ಯಾಮೆರಾವನ್ನಲ್ಲ, ಅದರ ಹಿಂದಿನ ಗೋಡೆಯನ್ನು. "ಒಂದೇ ಮನೇಲಿ ತೆಗ್ದಿದ್ದು ಅಂತಾನೆ. ಮೂರು ಫೋಟೊದಲ್ಲಿ ಮೂರು ಥರದ ಸ್ವಿಚ್‌ಬೋರ್ಡು. ಏನ್ ಮನೆಯಪ್ಪಾ ಇದು!" ಆಮೇಲೆ ತಮ್ಮ ಮಾಮೂಲಿ ಸಾಲು ಟೈಪಿಸುತ್ತಾರೆ: ಕ್ಯಾಮೆರಾ ಮೇಲೊಂದು ಚಮಚ ಬೋರಲು ಇಡಿ, ಆನ್ ಮಾಡಿ, ಇವತ್ತಿನ ತಾರೀಕು ಹೇಳಿ ವಿಡಿಯೊ ಕಳಿಸಿ.

"ಫೋಟೊ ಎಲ್ಲಿಂದ ಬೇಕಾದ್ರೂ ಕದೀಬಹುದು. ಚಮಚ ಇಡೋಕೆ ಸಾಮಾನು ಕೈಲಿರ್ಬೇಕಲ್ಲ?" ಎಂದು ನನಗೆ ವಿವರಿಸುತ್ತಾರೆ.

ಉತ್ತರ ಬಂತು: ನಂಬಿಕೆ ಇಲ್ಲದವರ ಜೊತೆ ನಾನು ವ್ಯವಹಾರ ಮಾಡುವುದಿಲ್ಲ.

"ಅಯ್ಯೋ, ಬೇಜಾರು ಮಾಡ್ಕೊಂಡ್ರು ಅಕ್ಕಾ! ಪಾಪ, ನನ್ನ ಅಣ್ಣಾ ಅಂತಾನೇ ಕರೀತಿದ್ರು," ಎಂದು ಸ್ಟುಡಿಯೊದವರು ಚಡಪಡಿಸುತ್ತಾರೆ. ಗಡುವಿಗೆ ಇನ್ನು ಇಪ್ಪತ್ತೇ ನಿಮಿಷ.

ಕಳ್ಳ ಸಿಕ್ಕಿಬಿದ್ದನಲ್ಲ ಎಂದು ನಾನು ಬಾಯಿ ಹಾಕಿದೆ. ಅಕ್ಕನ ಮುಖ ಬಿಗಿಯಾಯಿತು. "ಆ ಮಾತು ನಾನು ಆಡಲ್ಲ," ಎಂದರು.

ಎರಡು ವರ್ಷದ ಕೆಳಗೆ ಆಡಿದ್ದರಂತೆ. ಒಂದು ಲ್ಯಾಪ್‌ಟಾಪಿನ ವ್ಯಾಪಾರದಲ್ಲಿ ಎಷ್ಟು ಕೇಳಿದರೂ ಚಮಚದ ವಿಡಿಯೊ ಬರಲಿಲ್ಲ. 'ಕಳ್ಳರು' ಎಂದು ಬರೆದೇಬಿಟ್ಟರು. ಮರುದಿನ ಒಬ್ಬ ಮುದುಕಿ ವಿಳಾಸ ವಿಚಾರಿಸಿಕೊಂಡು ಎರಡು ಬಸ್ ಬದಲಿಸಿ ಅಂಗಡಿಗೇ ಬಂದರು, ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು. ತೀರಿಹೋದ ಗಂಡನದು. ವಿಡಿಯೊ ಮಾಡಲು ಆಕೆಗೆ ಬರುತ್ತಿರಲಿಲ್ಲ, ಅಷ್ಟೇ. "ನೋಡಮ್ಮ, ನಾನು ಕಳ್ಳಿ ಅಲ್ಲ ಅಂದ್ರು. ನಂಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಕಾಲು ಮುಟ್ಟಿ ತಪ್ಪಾಯ್ತು ಅಂದೆ. ಆದ್ರೂ ಆಡಿದ ಮಾತು ಆಡಿದ್ದೇ ಅಲ್ವಾ." ಹೇಳುವಾಗ ಅಕ್ಕನ ಕಣ್ಣು ತುಂಬಿತ್ತು.

ಅಂದಿನಿಂದ ಯಾರಿಗೇ ಆಗಲಿ ಇನ್ನೊಂದು ಬಾಗಿಲು ತೆರೆದಿಡುತ್ತಾರೆ. ಈಗಲೂ ಹಾಗೇ ಬರೆದರು: ವಿಡಿಯೊ ಬೇಡ ಬಿಡಿ. ನೀವು ಹೇಳಿದ ಜಾಗಕ್ಕೆ ನಾವೇ ಬರ್ತೀವಿ, ನೋಡಿ ಪೂರ್ತಿ ದುಡ್ಡು ಅಲ್ಲೇ ಕೊಡ್ತೀವಿ.

ನಾವು ಮೂವರೂ ಪರದೆಯನ್ನೇ ನೋಡುತ್ತ ಕೂತೆವು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಾರಾಟಗಾರನ ಮುಖದ ಚಿತ್ರ ಮಾಯವಾಯಿತು. ಸ್ಟುಡಿಯೊದವರು ಮತ್ತೆ ಮತ್ತೆ ಕರೆ ಮಾಡಿದರು. ಕರೆ ಹೋಗಲೇ ಇಲ್ಲ, ಅವನು ನಂಬರ್ ಬ್ಲಾಕ್ ಮಾಡಿದ್ದ.

"ನಿಮ್ಮಿಂದ ಕೈತಪ್ಪಿ ಹೋಯ್ತು!" ಎಂದು ಅವರು ಬೆಂಚಿನಿಂದ ಎದ್ದೇ ನಿಂತರು. "ಸುಮ್ನೆ ದುಡ್ಡು ಹಾಕಿದ್ರೆ ನಾಳೆ ಕ್ಯಾಮೆರಾ ಕೈಲಿರ್ತಿತ್ತು. ನಿಮ್ಮ ಹತ್ರ ಬಂದಿದ್ದೇ ತಪ್ಪು."

"ಕೆಟ್ಟಿರೋ ಹಳೇ ಕ್ಯಾಮೆರಾ ತಂದ್ಕೊಡಿ. ಸೋಮವಾರದ ಮಟ್ಟಿಗಾದ್ರೂ ಓಡೋ ಹಾಗೆ ಆಗುತ್ತಾ ನೋಡ್ತೀನಿ."

ಅವರು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ದಾರಿಯುದ್ದಕ್ಕೂ ಬೈದುಕೊಂಡು ಹೋಗುತ್ತಿದ್ದುದು ತಿರುವಿನವರೆಗೂ ಕೇಳಿಸುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಉಪಕಾರ ಮಾಡಿ ಇಂಥ ಮಾತು ಕೇಳಬೇಕೇ, ನಿಮಗೆ ಬೇಸರವಾಗುವುದಿಲ್ಲವೇ ಎಂದೆ.

ಅಕ್ಕ ಕನ್ನಡಕ ಏರಿಸಿ, ಬಿಚ್ಚಿಟ್ಟ ಮೊಬೈಲೊಂದನ್ನು ಹತ್ತಿರಕ್ಕೆ ಎಳೆದುಕೊಂಡರು.

"ಬೈಲಿ ಬಿಡಿ. ದುಡ್ಡು ಹೋದವ್ರನ್ನೂ ನೋಡಿದೀನಿ ನಾನು. ಅದೇ ಬೆಂಚ್ ಮೇಲೆ ಕೂತ್ಕೋತಾರೆ, ಒಂದ್ ಮಾತೂ ಆಡಲ್ಲ. ಇವ್ರು ಅಷ್ಟು ಜೋರಾಗಿ ಬೈತಿದಾರೆ ಅಂದ್ರೆ ಉಳ್ಕೊಂಡಿದಾರೆ ಅಂತ."