ಗುಣಪಾಲಣ್ಣನ ಬಲಗೈ

ಡೊಂಬಿವಲಿಯಲ್ಲಿ ಆಯುಷ್ಯವಿಡೀ ಹೋಟೆಲ್ ನಡೆಸಿದ ಗುಣಪಾಲಣ್ಣ ಕೆಲವು ವರ್ಷಗಳಿಂದ ಎಡಗೈಯಲ್ಲಿ ಉಣ್ಣುತ್ತಿದ್ದರು. ಬಲಗೈ ಎದೆಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಎಲುಬು, ನರ ಎಲ್ಲ ಸರಿಯಿದೆ ಎಂದು ಡಾಕ್ಟರುಗಳು ಕೈಚೆಲ್ಲಿದ್ದರು. ಊರಿಗೆಲ್ಲ ಊಟ ಹಾಕಿದ ಮನುಷ್ಯ, ಯಾರಾದರೂ ಬಂದರೆ ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಓಡುವುದನ್ನು ಪಕ್ಕದ ಮನೆಯ ನನಗೆ ನೋಡಲಾಗುತ್ತಿರಲಿಲ್ಲ.

ಮಗಳು ನಿಶ್ಮಿತಾ ಠಾಣೆಯ ಕೋಪರಿಯಲ್ಲಿ ಸೊಮ್ಯಾಟಿಕ್ ಥೆರಪಿ ಮಾಡುವವರನ್ನು ಹುಡುಕಿದಳು. ಮನಸ್ಸಿನ ನೋವನ್ನು ಮೈಯ ಮೂಲಕ ಬಿಡಿಸುವ ಚಿಕಿತ್ಸೆಯಂತೆ. "ಪಪ್ಪಾ, ಏಕ್ ಬಾರ್ ಜಾಕೆ ತೋ ದೇಖೋ" ಎಂದು, ಒಮ್ಮೆ ಹೋಗಿಯಾದರೂ ನೋಡಿ ಅಂತ ಬೆನ್ನುಬಿದ್ದಳು. ಜೊತೆಗೆ ನಾನು ಹೊರಟೆ. ಗುಣಪಾಲಣ್ಣನೋ, ಮಾಲೀಶು ಮಾಡುತ್ತಾರೆ ಎಂದುಕೊಂಡು ಹಳೇ ಲುಂಗಿ, ಟವೆಲ್, ಬಾಟಲಿ ತುಂಬ ತೆಂಗಿನೆಣ್ಣೆ ಚೀಲಕ್ಕೆ ತುಂಬಿಕೊಂಡೇ ಬಂದಿದ್ದರು! ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಕೆಗೆ ಕೈ ಏರದ ಅವರನ್ನು ನಾನೇ ಹಿಡಿದುಕೊಂಡು ನಿಂತೆ.

ಥೆರಪಿಸ್ಟ್ ಶಿವಾನಿ ನಮ್ಮ ಬಾಗಲಕೋಟೆ ಕಡೆಯ ಹುಡುಗಿ. ಚೀಲ ನೋಡಿ ನಕ್ಕಳು. "ಎಣ್ಣಿ ಗಿಣ್ಣಿ ಏನಿಲ್ರಿ ಕಾಕಾ. ನಾ ನಿಮ್ಮನ್ನ ಮುಟ್ಟೂದೂ ಇಲ್ಲ. ಕುಂತಲ್ಲೇ ಮೈ ಏನ್ ಹೇಳ್ತದ ನೋಡೂಣು. ಸಾಕನಿಸಿದ್ರ ಸಾಕಂದ್ಬಿಡ್ರಿ."

"ಮತ್ತೆ ಇಷ್ಟು ದೂರ ಬಂದದ್ದು ಎಂತಕ್ಕೆ ಮಾರಾಯ್ರೆ?" ಎಂದು ಗುಣಪಾಲಣ್ಣ ನನ್ನ ಕಡೆ ತಿರುಗಿದರು.

ನನಗೂ ಅದೇ ಅನುಮಾನ. ಪಾದ ನೆಲಕ್ಕೆ ತಾಗಿದ್ದು ತಿಳಿಯುತ್ತಿದೆಯೇ, ಬೆನ್ನಿಗೆ ಕುರ್ಚಿ ಆಸರೆಯಾಗಿದೆಯೇ ಎಂದೆಲ್ಲ ಆಕೆ ಕೇಳುತ್ತಿದ್ದಳು. ಇದನ್ನು ಕೇಳಲು ಕಾಲೇಜು ಬೇರೆ ಕಲಿಯಬೇಕೇ ಎಂದು ಒಳಗೊಳಗೇ ಬೈದುಕೊಂಡೆ. ಆಮೇಲೆ ಆಕೆ ಕೇಳಿದಳು, "ಈ ಕೈ ಎಲ್ಲಿಗೆ ಹೊಂಟಿತ್ರಿ, ನಡುವ ನಿಂತದ್ದು?"

ಗುಣಪಾಲಣ್ಣ ತಮ್ಮ ಅಂಗೈ ನೋಡಿಕೊಂಡರು. ಕೋವಿಡ್‌ನಲ್ಲಿ ತೀರಿಕೊಂಡ ಹೆಂಡತಿ ಉಮಾವತಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಆಸ್ಪತ್ರೆಯವರೇ ನೇರ ಸ್ಮಶಾನಕ್ಕೆ ತಂದಿದ್ದರು. ಅದು ನನಗೂ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ.

"ಬಾಯಿಗೆ ನೀರು ಬಿಡ್ಲಿಕ್ಕೆ ತುಳಸಿ ಹಾಕಿ ತಂಬಿಗೆ ತಕೊಂಡು ಹೋಗಿದ್ದೆ. ಒಂದು ಗಳಿಗೆ ಮುಖ ಬಿಚ್ಚಿ ಅಂತ ಅಂಗಲಾಚಿದೆ. ಬಿಚ್ಚಲಿಲ್ಲ. ಅಂಗೈಯಲ್ಲಿ ನೀರು ಹಾಗೇ ಉಳೀತು."

"ಇವತ್ತಿಗೆ ಸಾಕ್ರಿ ಕಾಕಾ, ಮೆಲ್ಲಕ ಹೋಗೂಣು" ಎಂದಳು ಶಿವಾನಿ.

ಅವರಿಗೆ ಕೇಳಿಸಲೇ ಇಲ್ಲ. ಬಲಗೈ ಎದೆಮಟ್ಟ ದಾಟಿತು. ಮುಂದಕ್ಕೆ ಚಾಚಿತು. ಅಂಗೈ ನೀರು ಬಿಡುವ ಹಾಗೆ ನಿಧಾನವಾಗಿ ವಾಲಿತು.

"ಕೈ ಎದ್ದಿತಲ್ರೀ ಗುಣಪಾಲಣ್ಣಾ!" ಎಂದು ಕೂಗಿಬಿಟ್ಟೆ, ಮಂಕುದಿಣ್ಣೆ ನಾನು.

ಅವರು ಕೈ ಕೆಳಗಿನ ಬರಿನೆಲ ನೋಡುತ್ತಿದ್ದರು. "ಇಷ್ಟು ದಿವಸ ಕೈ ಏಳುದಿಲ್ಲ ಅಂತ ಒಂದು ನೆಪ ಆದ್ರೂ ಇತ್ತು. ಈಗ ಎದ್ದಿತು. ಅವಳ ಬಾಯಿ ಎಲ್ಲಿಂದ ತರುದು?"

ಶಿವಾನಿ ತನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು. ಕೈ ಇಳಿಸಿ ಎಂದು ನಾನು ಎಷ್ಟು ಬೇಡಿಕೊಂಡರೂ ಅವರು ಇಳಿಸಲಿಲ್ಲ.