ನಗುತ್ತ ಊದುವುದು

ನಮ್ಮ ಊರಲ್ಲಿ ಚಿತ್ರೀಕರಣವಾದ ಆ ಸಂಗೀತಮಯ ಸಿನಿಮಾದ ಮಾತು ಬಂದರೆ ಕಾಕಾ ಒಂದೇ ಕಥೆ ಹೇಳುತ್ತಾರೆ: “ಬ್ಯಾಂಡಿನ ಮಾಮಾಗ ಆ್ಯಕ್ಟಿಂಗ್ ಬರಲಿಲ್ಲ, ಅದಕ್ಕ ನನ್ನ ಕರದ್ರು.” ಮನೆಯವರೆಲ್ಲ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಅವತ್ತು ಶೂಟಿಂಗ್ ನಡೆದ ನಮ್ಮ ಕೋಠಿ ಪೇಟೆಯ ಆ ಗಲ್ಲಿಯಲ್ಲಿ ನಾನೂ ಇದ್ದೆ.

ಬ್ಯಾಂಡಿನ ಮಾಮಾ ನಮ್ಮ ಪಕ್ಕದ ಮನೆಯವರು, ಮದುವೆಗಳಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಊದುವ ಮೊದಲು ಅಂಗಿಯ ಅಂಚಿನಿಂದ ಅದರ ಬಾಯಿ ಒರೆಸುವರು. ನಡುವೆ ಯಾರು ಚೇಷ್ಟೆ ಮಾಡಿದರೂ “ಊದೂದಂದ್ರ ಊದೂದ” ಎನ್ನುವರು. ಸಿನಿಮಾದ ಹಾಡಿನಲ್ಲಿ ಊದಲು ಕರೆ ಬಂದಾಗ ಬೀದರಿನ ಬೀಗರಿಗೆ ಫೋನ್ ಮಾಡಿ, “ಟಾಕೀಸಿನಾಗ ನನ್ನ ಮಾರಿ ನೋಡ್ರಿ” ಎಂದೂ ಹೇಳಿದ್ದರು.

ಶೂಟಿಂಗ್ ದಿನ ನಿರ್ದೇಶಕ ಮಾಮಾಗೆ, “ನಗುತ್ತ ಊದಿ” ಎಂದ.

“ಊದುವಾಗ ನಗಾಕ ಬರಂಗಿಲ್ಲರಿ ಸಾಬ್, ಗಾಳಿ ಹೋಗತೈತಿ.”

ಹಾಡು ಮೊದಲೇ ರೆಕಾರ್ಡ್ ಆಗಿದೆ, ಊದುವುದೇ ಬೇಡ ಎಂದರೂ ಮಾಮಾ ಊದಿಯೇ ಬಿಟ್ಟರು. ಅದು ನಟನೆ ಬಾರದ್ದೋ, ಸುಳ್ಳು ಬಾರದ್ದೋ? ಶೂಟಿಂಗ್ ನೋಡಲು ಸಾಫ್ಟ್‌ವೇರ್ ಆಫೀಸಿನಿಂದ ನೇರ ಬಂದಿದ್ದ ಕಾಕಾನನ್ನು ಆ ಜಾಗದಲ್ಲಿ ನಿಲ್ಲಿಸಿದರು. ಮಾಮಾ ಅಂಗಿಯಂಚಿನಿಂದ ಒರೆಸಿಯೇ ವಾದ್ಯ ಕೊಟ್ಟರು.

ನಿನ್ನೆ ಟೀವಿಯಲ್ಲಿ ಆ ಹಾಡು ಬಂತು. ಪರದೆಯ ಮೇಲೂ ಸೋಫಾದ ಮೇಲೂ ಕಾಕಾ ನಗುತ್ತಿದ್ದರು. ಕೇಳಿದೆ:

“ಕಾಕಾ, ಮಾಮಾನ ಬೀಗರು ಟಾಕೀಸಿನಾಗ ನಿಮ್ಮ ನಗು ನೋಡಿ ಏನಂದಿರಬೇಕು?”